ತಿಮಿಂಗಿಲಕ್ಕೆ ಒಂದು ಕಾಲದಲ್ಲಿ ಕಾಲಿತ್ತು ಅಂತಾರಲ್ಲ, ಅದಕ್ಕೆ ಗಟ್ಟಿ ಪುರಾವೆ ಏನಿದೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸು, ಸಿಬಿಎಸ್‌ಇ. ನಮ್ಮಣ್ಣನ ಮಗ ಓದುವಾಗ ಸೈನ್ಸ್ ಪುಸ್ತಕದಲ್ಲಿ ಆನುವಂಶೀಯತೆ ಮತ್ತು ವಿಕಾಸ ಅಂತ ಒಂದು ಪಾಠ ಇತ್ತು, ಈಗ ಅದು ಬರೀ ಆನುವಂಶೀಯತೆ ಆಗಿದೆ, ವಿಕಾಸದ ಭಾಗ ತೆಗೆದುಬಿಟ್ಟಿದಾರೆ. ಇವಳು ಯಾವುದೋ ವಿಡಿಯೋ ನೋಡ್ಕೊಂಡು ಬಂದು, ತಿಮಿಂಗಿಲದ ಪೂರ್ವಜರಿಗೆ ನಾಲ್ಕು ಕಾಲಿತ್ತಂತೆ ಅಮ್ಮಾ, ನೆಲದ ಮೇಲೆ ಓಡಾಡ್ಕೊಂಡಿದ್ವಂತೆ, ನಿಜಾನಾ ಅಂತ ಕೇಳ್ತಾಳೆ. ನಾನು ಓದಿದ್ದು ಕಾಮರ್ಸ್, ಸುಮ್ನೆ ಹೂಂ ಅಂದುಬಿಡೋಕೆ ಮನಸ್ಸು ಬರ್ಲಿಲ್ಲ.

ನನಗಿರೋ ಗೊಂದಲ ಹೇಳ್ತೀನಿ. ನೈಸರ್ಗಿಕ ಆಯ್ಕೆ ಅನ್ನೋದು ಒಂದು ಮಟ್ಟಕ್ಕೆ ಅರ್ಥ ಆಗುತ್ತೆ, ಸೊಳ್ಳೆ ಔಷಧಕ್ಕೆ ಒಗ್ಗಿಕೊಳ್ಳುತ್ತೆ, ಹೊಲದ ಹುಳ ಒಗ್ಗಿಕೊಳ್ಳುತ್ತೆ, ಇದನ್ನೆಲ್ಲಾ ನಾವೇ ನೋಡ್ತೀವಿ. ಆದ್ರೆ ಸೊಳ್ಳೆ ಸೊಳ್ಳೆಯಾಗೇ ಇರುತ್ತಲ್ಲ? ನಾಲ್ಕು ಕಾಲಿನ ಪ್ರಾಣಿ ಸಮುದ್ರಕ್ಕಿಳಿದು ತಿಮಿಂಗಿಲ ಆಯ್ತು ಅನ್ನೋದನ್ನ ಯಾರೂ ಕಣ್ಣಾರೆ ನೋಡಿಲ್ಲ. ಮೂಳೆ ಒಂದೇ ಥರ ಇದೆ ಅಂತ ಸಂಬಂಧ ಕಟ್ಟೋದಾದ್ರೆ ಶಾರ್ಕು ತಿಮಿಂಗಿಲ ಕೂಡ ಒಂದೇ ಥರ ಕಾಣ್ತವೆ, ಹಾಗಂತ ಅವೆರಡೂ ನೆಂಟರಲ್ಲ ಅಂತಾರೆ. ಹಾಗಾದ್ರೆ ಯಾವ ಹೋಲಿಕೆ ಲೆಕ್ಕಕ್ಕೆ ಬರುತ್ತೆ ಯಾವುದು ಬರಲ್ಲ ಅಂತ ತೀರ್ಮಾನ ಮಾಡೋರು ಯಾರು, ಹೇಗೆ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಉದ್ದ ಆದ್ರೂ ಪರವಾಗಿಲ್ಲ, ಅವಳ ಜೊತೆ ಕೂತು ಓದ್ತೀನಿ.

ಕಲ್ಲುಮಣ್ಣು

ಮೇಡಂ, ನಾನು ಜಿಯಾಲಜಿ ಎಂಎಸ್ಸಿ ಮಾಡಿದವನು, ಆಗ ಕಛ್‌ಗೆ ಫೀಲ್ಡ್ ಟ್ರಿಪ್ ಹೋಗಿದ್ವಿ, ಅದಕ್ಕೇ ಈ ವಿಷಯ ಅಂದ್ರೆ ನಂಗೆ ಒಂದು ಥರ ಪ್ರೀತಿ. ತಿಮಿಂಗಿಲದ ಕತೆಯ ಮೊದಲ ಭಾಗ ಪೂರ್ತಿ ನಮ್ಮ ಉಪಖಂಡದ್ದೇ. ಸುಮಾರು 5 ಕೋಟಿ ವರ್ಷದ ಹಿಂದೆ ಭಾರತದ ಭೂಭಾಗ ಉತ್ತರಕ್ಕೆ ಸರಿದು ಏಷ್ಯಾಕ್ಕೆ ತಗುಲಿಕೊಳ್ತಾ ಇತ್ತು, ನಡುವೆ ಟೆಥಿಸ್ ಅನ್ನೋ ಸಮುದ್ರ ಕಿರಿದಾಗ್ತಾ ಆಳ ಇಲ್ಲದ ಬೆಚ್ಚಗಿನ ನೀರಾಗಿ ಉಳಿದಿತ್ತು. ಈಗ ಕಛ್‌ನಲ್ಲಿ ಕುರುಚಲು ಗಿಡ, ಧೂಳು, ಬಿಸಿಲು. ಆದ್ರೆ ಕಾಲ ಕೆಳಗಿನ ಸುಣ್ಣಕಲ್ಲು ಎತ್ತಿ ನೋಡಿದ್ರೆ ದುಂಡಗೆ ಚಪ್ಪಟೆಯಾಗಿರೋ ನುಮ್ಮುಲೈಟ್ ಅನ್ನೋ ಸಮುದ್ರಜೀವಿಗಳ ಚಿಪ್ಪು ಒತ್ತೊತ್ತಾಗಿ ತುಂಬ್ಕೊಂಡಿರ್ತವೆ, ಕೈಯಲ್ಲಿ ಉಜ್ಜಿದ್ರೆ ಉದುರ್ತವೆ. ಆ ಕಾಲದ ಪದರಗಳಲ್ಲೇ ತಿಮಿಂಗಿಲದ ಹಳೇ ಮೂಳೆ ಸಿಕ್ಕಿರೋದು. 1970ರ ದಶಕದಲ್ಲಿ ಅಶೋಕ್ ಸಾಹ್ನಿ ಮತ್ತು ಮಿಶ್ರಾ ಕಛ್‌ನ ತಿಮಿಂಗಿಲಗಳ ಬಗ್ಗೆ ಬರೆದ್ರು, 2000ದಲ್ಲಿ ಸುನಿಲ್ ಬಾಜಪೇಯಿ ಮತ್ತು ಹಾನ್ಸ್ ಥೆವಿಸ್ಸನ್ ಅಲ್ಲಿನ ಒಂದು ಹೊಸ ಜಾತಿಗೆ ಕಛ್ಛಿಸೀಟಸ್ ಅಂತಲೇ ಹೆಸರಿಟ್ರು. ಉದ್ದ ಮೂತಿ, ಉದ್ದ ಬಾಲ, ಗಿಡ್ಡ ಕಾಲು.

ಅದಕ್ಕೂ ಹಿಂದಿನದು ಪಾಕಿಸೀಟಸ್. ಈಗಿನ ಪಾಕಿಸ್ತಾನದಲ್ಲಿ ಸಿಕ್ಕಿದ್ದು, 1981ರಲ್ಲಿ ಫಿಲಿಪ್ ಗಿಂಗರಿಚ್ ಅವರೆಲ್ಲ ಸೇರಿ ಅದರ ತಲೆಬುರುಡೆ ವಿವರಿಸಿದ್ರು, ಸುಮಾರು 5 ಕೋಟಿ ವರ್ಷ ಹಳೇದು. ಆಮೇಲೆ ಸಿಕ್ಕ ಮೂಳೆಗಳಿಂದ ಅದು ತೋಳದಷ್ಟು ದೊಡ್ಡದು, ನಾಲ್ಕು ಕಾಲಲ್ಲಿ ನಡೆಯೋ ಪ್ರಾಣಿ ಅಂತ ಖಚಿತ ಆಯ್ತು. ಅದನ್ನ ತಿಮಿಂಗಿಲದ ಕುಲ ಅಂತ ಯಾಕೆ ಕರೀತಾರೆ ಅಂದ್ರೆ ಕಿವಿ ನೋಡಿ. ಇವತ್ತಿನ ಎಲ್ಲಾ ತಿಮಿಂಗಿಲ ಡಾಲ್ಫಿನ್‌ಗಳ ಮಧ್ಯಕಿವಿಯನ್ನ ಸುತ್ತಿರೋ ಮೂಳೆಯ ಒಳಗೋಡೆ ವಿಚಿತ್ರವಾಗಿ ದಪ್ಪ ಇರುತ್ತೆ, ಬೇರೆ ಸಸ್ತನಿಗಳಲ್ಲಿ ಅದು ತೆಳ್ಳಗಿನ ಚಿಪ್ಪಿನ ಹಾಗೆ. ಪಾಕಿಸೀಟಸ್‌ಗೆ ಅದೇ ದಪ್ಪ ಗೋಡೆ ಇದೆ. ನೀರಲ್ಲೇ ಇರೋಕೆ ಕಾಲು ಅಡ್ಡಿ, ಆದ್ರೂ ಕಾಲಿದೆ, ಜೊತೆಗೆ ತಿಮಿಂಗಿಲದ ಕಿವಿನೂ ಇದೆ.

ಇನ್ನು ನಂಗೆ ತುಂಬಾ ಇಷ್ಟದ ಭಾಗ. ಎ. ರಂಗರಾವ್ ಅಂತ ನಮ್ಮ ದೇಶದ ಭೂವಿಜ್ಞಾನಿ, ಜಮ್ಮು ಕಾಶ್ಮೀರದ ಕಾಲಾಕೋಟ್ ಕಡೆಯಿಂದ ಮೂಳೆ ಇರೋ ಕಲ್ಲು ರಾಶಿ ತಂದಿದ್ರು, 1971ರಲ್ಲಿ ಅದರಲ್ಲೊಂದು ಪ್ರಾಣಿಗೆ ಇಂಡೋಹ್ಯುಸ್ ಅಂತ ಹೆಸರು ಕೊಟ್ಟಿದ್ರು. ಸಿಕ್ಕಿದ್ದು ಕೆಲವು ಹಲ್ಲು, ದವಡೆಯ ಚೂರು ಅಷ್ಟೆ. ಅವರು ತೀರಿಕೊಂಡ್ರು, ಉಳಿದ ಕಲ್ಲುಗಳನ್ನ ಅವರ ಪತ್ನಿ ವರ್ಷಾನುಗಟ್ಟಲೆ ಬಿಸಾಡದೆ ಕಾಪಾಡಿಟ್ಟಿದ್ರು. ಆಮೇಲೆ ಅವು ಥೆವಿಸ್ಸನ್ ಕೈಗೆ ಬಂದ್ವು, ಲ್ಯಾಬಲ್ಲಿ ಕಲ್ಲು ಬಿಡಿಸುವಾಗ ಒಂದು ಬುರುಡೆಯ ಕಿವಿಭಾಗ ಅಕಸ್ಮಾತ್ ಮುರೀತು, ಮುರಿದ ಕಡೆ ನೋಡಿದ್ರೆ ಅದೇ ದಪ್ಪ ಗೋಡೆ! ಬೆಕ್ಕಿನ ಗಾತ್ರದ, ಜಿಂಕೆ ಥರದ ಕಾಲಿರೋ ಪ್ರಾಣಿಯಲ್ಲಿ ತಿಮಿಂಗಿಲದ ಕಿವಿ. 2007ರಲ್ಲಿ ಇದು ಪ್ರಕಟ ಆಯ್ತು. ಅದರ ಕಾಲಿನ ಮೂಳೆಗಳೂ ಒಳಗೆ ಗಟ್ಟಿಯಾಗಿ ತೂಕವಾಗಿದ್ವು, ನೀರಲ್ಲಿ ತಳ ಹಿಡಿದು ನಡೆಯೋ ನೀರಾನೆ ಥರ. ಆ ಕಲ್ಲುಗಳನ್ನ ಯಾರಾದ್ರೂ ಮನೆ ಖಾಲಿ ಮಾಡುವಾಗ ಎಸೆದಿದ್ರೆ ಏನಾಗ್ತಿತ್ತು ಅಂತ ನೆನೆಸ್ಕೊಂಡ್ರೆ ಈಗಲೂ ಎದೆ ಝಲ್ಲನ್ನುತ್ತೆ.

ಇಷ್ಟಾದ್ಮೇಲೆ ಕ್ರಮ ನೋಡ್ತಾ ಹೋಗಿ. ಪಾಕಿಸೀಟಸ್‌ಗೆ ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿ, ಹೊಸ ಪದರಗಳಿಗೆ ಬಂದಹಾಗೆ ಹೊಳ್ಳೆ ಹಿಂದಕ್ಕೆ ಸರೀತಾ ಹೋಗುತ್ತೆ, ಇವತ್ತಿನ ತಿಮಿಂಗಿಲದಲ್ಲಿ ನೆತ್ತಿ ಮೇಲಿದೆ. ಹಲ್ಲಿನಲ್ಲಿರೋ ಆಕ್ಸಿಜನ್ ಐಸೊಟೋಪ್, ಅಂದ್ರೆ ಹಗುರದ ಮತ್ತು ಭಾರದ ಆಕ್ಸಿಜನ್ ಎಷ್ಟೆಷ್ಟಿದೆ ಅಂತ, ಅಳೆದ್ರೆ ಪಾಕಿಸೀಟಸ್ ಸಿಹಿನೀರು ಕುಡೀತಿತ್ತು ಅಂತ ಬರುತ್ತೆ, ಮುಂದಿನವು ಉಪ್ಪುನೀರಿಗೆ ಹೊಂದಿಕೊಂಡಿದ್ದು ಗೊತ್ತಾಗುತ್ತೆ. ಮೂಳೆಯ ಆಕಾರ ನೋಡಿದವರು ಬೇರೆ, ಐಸೊಟೋಪ್ ಅಳೆಯೋ ಮೆಶಿನ್ನಿಗೆ ಆಕಾರ ಗೊತ್ತಿಲ್ಲ, ಆದ್ರೂ ಎರಡೂ ಒಂದೇ ದಾರಿ ತೋರಿಸ್ತವೆ. ಸುಮಾರು 4 ಕೋಟಿ ವರ್ಷದ ಹಿಂದಿನ ಬ್ಯಾಸಿಲೋಸಾರಸ್ ಹೊತ್ತಿಗೆ ಪೂರ್ತಿ ಸಮುದ್ರದ ಪ್ರಾಣಿ, ಈಜಿಪ್ಟಿನ ಮರುಭೂಮಿಯಲ್ಲಿ ವಾದಿ ಅಲ್ ಹಿತಾನ್ ಅನ್ನೋ ಜಾಗದಲ್ಲಿ ಅದರ ಅಸ್ಥಿಪಂಜರಗಳು ಬಿದ್ದಿದಾವೆ. ಹದಿನೈದು ಮೀಟರಿಗೂ ಉದ್ದದ ಮೈ, ಅದಕ್ಕೆ ಮಗುವಿನ ಕಾಲಷ್ಟು ಪುಟ್ಟ ಹಿಂಗಾಲು, ಅದರಲ್ಲಿ ಮಂಡಿ, ಪಾದ, ಬೆರಳು ಎಲ್ಲಾ ಇದೆ. 1990ರಲ್ಲಿ ಪ್ರಕಟ ಆಗಿದ್ದು. ಅಷ್ಟು ದೊಡ್ಡ ಮೈಯನ್ನ ಆ ಕಾಲು ಹೊರೋಕೆ ಸಾಧ್ಯವೇ ಇಲ್ಲ.

ಶಾರ್ಕ್ ಪ್ರಶ್ನೆಗೆ ಬರ್ತೀನಿ, ಒಳ್ಳೇ ಪ್ರಶ್ನೆ ಅದು. ಹೊರಗಿನ ಆಕಾರ ನೀರಿನ ಒತ್ತಾಯದಿಂದ ಬರುತ್ತೆ, ನೀರಲ್ಲಿ ವೇಗವಾಗಿ ಈಜೋ ಯಾವ ಪ್ರಾಣಿನೂ ಹೆಚ್ಚುಕಡಿಮೆ ಆ ಆಕಾರಕ್ಕೇ ಬರುತ್ತೆ. ಆದ್ರೆ ಬಾಲ ಗಮನಿಸಿ. ಶಾರ್ಕಿನ ಬಾಲ ನಿಂತಿರುತ್ತೆ, ಎಡಕ್ಕೆ ಬಲಕ್ಕೆ ಬೀಸುತ್ತೆ. ತಿಮಿಂಗಿಲದ್ದು ಮಲಗಿರುತ್ತೆ, ಮೇಲಕ್ಕೆ ಕೆಳಕ್ಕೆ ಬಡಿಯುತ್ತೆ. ನಾಯಿ ಜೋರಾಗಿ ಓಡುವಾಗ ಬೆನ್ನು ಬಗ್ಗಿ ಏಳೋದು ನೋಡಿದೀರಲ್ಲ, ಅದೇ ಬೆನ್ನುಮೂಳೆಯ ಚಲನೆ ಇದು. ಈಜೋಕೆ ಎರಡರಲ್ಲಿ ಯಾವುದಾದ್ರೂ ಸಾಕಿತ್ತು, ತಿಮಿಂಗಿಲಕ್ಕೆ ಸಿಕ್ಕಿದ್ದು ನಾಲ್ಕು ಕಾಲಲ್ಲಿ ಓಡಿದವರ ಬೆನ್ನು. ಕೆಲಸದ ಒತ್ತಡದಿಂದ ಬರಬೇಕಾಗಿಲ್ಲದ ಹೋಲಿಕೆ, ಅದೇ ಲೆಕ್ಕಕ್ಕೆ ಬರೋದು.

ಹಾವೇರಿ_ಹತ್ತಿ

ಅಕ್ಕಾರ, ನಮಸ್ಕಾರ್ರಿ. ತಿಮಿಂಗಿಲ ನಂಗ ಗೊತ್ತಿಲ್ಲ, ಆದ್ರ ನೀವು ಹುಳ ಔಷಧಕ್ಕ ಒಗ್ಗಿಕೊಳ್ತೈತಿ ಅಂತ ಬರದೀರಲ್ಲ, ಅದು ಹಂಗಲ್ರಿ, ಅದನ್ನ ಸರಿಯಾಗಿ ತಿಳ್ಕೊಂಡ್ರ ಉಳಿದದ್ದೂ ತಿಳಿತೈತಿ ಅಂತ ನನ್ನ ಅನಿಸಿಕಿ. ನಾವು ಹತ್ತಿ ಬೆಳಿಯೋ ಮಂದಿ. 2002ರಾಗ ಬಿಟಿ ಹತ್ತಿಗೆ ಪರ್ಮಿಶನ್ ಸಿಕ್ತು, 2006ರಾಗ ವಿಷ ಮಾಡೋ ಎರಡು ಜೀನಿಂದು ಬಂತು. ಗಿಡದಾಗನ ವಿಷ ಇರ್ತೈತಿ, ಕಾಯಿಕೊರಕ ಹುಳ ತಿಂದ್ರ ಅದರ ಕರುಳಾಗ ಆ ವಿಷ ಹೋಗಿ ಅಂಟ್ಕೊಂಡು ಸಾಯ್ತೈತಿ. ಮೊದಮೊದಲು ಎಷ್ಟು ಚಲೋ ಆತು ಅಂದ್ರ ಎಣ್ಣಿ ಹೊಡಿಯೋದು ಭಾಳ ಕಮ್ಮಿ ಆಗಿತ್ತು.

ಈಗ ನೋಡ್ರಿ, ಲಕ್ಷಗಟ್ಟಲೆ ಹುಳದಾಗ ಎಲ್ಲೋ ಒಂದೆರಡು ಹುಟ್ಟಾನ ಬ್ಯಾರೆ ಇರ್ತಾವು, ಕರುಳಾಗ ಆ ವಿಷ ಅಂಟ್ಕೊಳ್ಳೋ ಕ್ಯಾಡ್‌ಹೆರಿನ್ ಅನ್ನೋ ಪ್ರೋಟೀನಿನ ಜೀನ್ ಅವುಕ್ಕ ಕೆಟ್ಟಿರ್ತೈತಿ. ಬಿಟಿ ಬರೋಕಿಂತ ಮೊದಲ ಅಂಥವು ಇದ್ದಿರಬಹುದು, ಅದರಿಂದ ಅವುಕ್ಕ ಏನೂ ಲಾಭ ಇರಲಿಲ್ಲ. ಬಿಟಿ ಬಂದಮ್ಯಾಲೆ ಉಳಿದಾವೆಲ್ಲ ಸತ್ತು ಹ್ವಾದ್ವು, ಇವಷ್ಟ ಉಳದ್ವು, ಇವುಗಳ ಮಕ್ಕಳಷ್ಟ ಹುಟ್ಟಿದ್ವು. ಯಾವ ಹುಳಾನೂ ವಿಷ ತಿಂದು ತಿಂದು ರೂಢಿ ಮಾಡ್ಕೊಳ್ಳಿಲ್ಲ, ಹುಳದ ಗುಂಪು ಬದಲಾತು.

ಇದು ಆಕ್ಕೈತಿ ಅಂತ ಮೊದಲ ಗೊತ್ತಿತ್ರಿ. ಅದಕ್ಕ 450 ಗ್ರಾಂ ಬಿಟಿ ಬೀಜದ ಜೋಡಿ 120 ಗ್ರಾಂ ಸಾದಾ ಬೀಜದ ಸಣ್ಣ ಪಾಕೀಟ ಕೊಡ್ತಿದ್ರು, ಹೊಲದ ಸುತ್ತ ಹಾಕ್ರಿ ಅಂತ. ಸಾದಾ ಗಿಡದಾಗ ವಿಷ ತಡಕೊಳ್ಳಲಾರದ ಹುಳಾನೂ ಬದುಕ್ತಾವು, ಅವು ತಡಕೊಳ್ಳೋ ಹುಳದ ಜೋಡಿ ಕೂಡಿದ್ರ ಹುಟ್ಟೋ ಮರಿ ಬಿಟಿ ತಿಂದು ಸಾಯ್ತಾವು, ಯಾಕಂದ್ರ ಆ ಕೆಟ್ಟ ಜೀನ್ ಅಪ್ಪ ಅವ್ವ ಇಬ್ರಿಂದಾನೂ ಬಂದ್ರಷ್ಟ ಮರಿ ಉಳಿತೈತಿ. ಲೆಕ್ಕ ಪೂರಾ ನೈಸರ್ಗಿಕ ಆಯ್ಕೆದ್ದ. ಆದ್ರ ಹುಳ ಬೀಳ್ತೈತಿ ಅಂತ ಗೊತ್ತಿದ್ದೂ ಸಾದಾ ಬೀಜ ಯಾರ ಹಾಕ್ತಾರ? ಭಾಳ ಮಂದಿ ಪಾಕೀಟ ಬದುವಿನಾಗ ಒಗದ್ರು. ಕಾಯಿಕೊರಕದಾಗಿನ ಗುಲಾಬಿ ಹುಳಕ್ಕ ಹತ್ತಿ ಬಿಟ್ರ ಬ್ಯಾರೆ ಬೆಳಿ ಅಷ್ಟಕ್ಕಷ್ಟ, ಹಂಗಾಗಿ ವಿಷ ತಡಕೊಳ್ಳಲಾರದ ಹುಳಕ್ಕ ಬ್ಯಾರೆ ಹೊಲದಾಗ ಬದುಕಿ ಉಳಿಯೋ ದಾರಿನೂ ಇರಲಿಲ್ಲ. 2010ರಾಗ ಗುಜರಾತದಾಗ ಒಂದು ಜೀನಿನ ಬಿಟಿಗೆ ಗುಲಾಬಿ ಹುಳ ಸಾಯವಲ್ದು ಅಂತ ಸುದ್ದಿ ಬಂತು, ಮುಂದ ನಾಕೈದು ವರ್ಷದಾಗ ಎರಡು ಜೀನಿಂದೂ ಕೆಲಸ ಬಿಡ್ತು. ನಮ್ಮ ಕಡೆ ಕಾಯಿ ಹೊರಗಿಂದ ದುಂಡಗ ಚಂದ ಇರ್ತಿತ್ತು, ಒಡದ್ರ ಒಳಗ ಗುಲಾಬಿ ಬಣ್ಣದ ಹುಳ ಬೀಜ ತಿಂದು ಕುಂತಿರ್ತಿತ್ತು, ಅರಳಿ ಕಂದು ಹಿಡಿದು ಗಂಟು ಗಂಟು.

ಅಮೆರಿಕದ ಅರಿಜೋನಾದಾಗ ಸಾದಾ ಹತ್ತಿ ತಪ್ಪದ ಹಾಕಿದ್ರು, 2006ರಿಂದ ಬಂಜಿ ಮಾಡಿದ ಪತಂಗ ವಿಮಾನದಾಗಿಂದ ಬಿಟ್ರು, 2018ರಾಗ ಅವರ ದೇಶದ ಹತ್ತಿ ಪ್ರದೇಶದಾಗ ಗುಲಾಬಿ ಹುಳ ಇಲ್ಲ ಅಂತ ಸರ್ಕಾರ ಸಾರಿತು. ಅದ ಹುಳ, ಅದ ವಿಷ. ಇದು ಯಾವುದೋ ಹಳೇ ಕಾಲದ ಮಾತಲ್ರಿ, ನಮ್ಮ ಹೊಟ್ಟಿ ಪಾಡಿನ ಮಾತು, ಹತ್ತನೇತ್ತೆ ಪುಸ್ತಕದಾಗ ಇರಬೇಕ್ರಿ ಇದು.

ನೇರಮಾತು

ಎಲ್ಲಾ ಓದಿದೆ. ಹತ್ತಿ ಹುಳದ್ದು ಒಪ್ಪಿದೆ, ಅದು ಕಣ್ಣೆದುರು ಆಗಿದ್ದು. ಆದ್ರೆ ಕಲ್ಲುಮಣ್ಣು ಸರ್, ನೀವು ಹೇಳಿದ ಇಂಡೋಹ್ಯುಸ್ ಎಷ್ಟು ಹಳೇದು ಅಂತ ಹುಡುಕಿದೆ, 4.8 ಕೋಟಿ ವರ್ಷ ಅಂತಿದೆ. ಪಾಕಿಸೀಟಸ್ 5 ಕೋಟಿ. ಅಂದ್ರೆ ಪೂರ್ವಜ ಅನ್ನಿಸಿಕೊಂಡೋನು ವಂಶಜನಿಗಿಂತ ಆಮೇಲೆ ಹುಟ್ಟಿದ್ದಾ? ಇಲ್ಲಿ ಲೆಕ್ಕ ತಪ್ಪಿದೆ ಅನ್ಸುತ್ತೆ. ಮತ್ತೆ ಎಲ್ಲರೂ ಕೇಳೋ ಪ್ರಶ್ನೆ ನಾನೂ ಕೇಳ್ತೀನಿ, ಮಂಗನಿಂದ ಮನುಷ್ಯ ಆಗಿದ್ರೆ ಮಂಗಗಳು ಇನ್ನೂ ಯಾಕಿವೆ. ವಾದಕ್ಕೆ ಕೇಳ್ತಿಲ್ಲ, ನಿಜವಾಗ್ಲೂ ಇದಕ್ಕೆ ಸಮಾಧಾನ ಆಗೋ ಉತ್ತರ ನಂಗೆ ಯಾರೂ ಕೊಟ್ಟಿಲ್ಲ.

ಕಲ್ಲುಮಣ್ಣು

ಸರ್, ಲೆಕ್ಕ ಸರಿಯಾಗೇ ಇದೆ, ಇಂಡೋಹ್ಯುಸ್ ಪೂರ್ವಜ ಅಂತ ಯಾರೂ ಹೇಳ್ತಿಲ್ಲ. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಒಂದೇ. ನಿಮಗೂ ನಿಮ್ಮ ದೊಡ್ಡಪ್ಪನ ಮಗನಿಗೂ ತಾತ ಒಬ್ಬರೇ, ಆ ದೊಡ್ಡಪ್ಪನ ಮಗ ನಿಮಗಿಂತ ಚಿಕ್ಕವನಿರಬಹುದು, ಅವನೂ ಇರ್ತಾನೆ ನೀವೂ ಇರ್ತೀರಿ, ಯಾರೂ ಯಾರಿಂದಲೂ ಹುಟ್ಟಿಲ್ಲ. ಇಂಡೋಹ್ಯುಸ್ ಗುಂಪು ಮತ್ತು ತಿಮಿಂಗಿಲದ ಗುಂಪು ಎರಡಕ್ಕೂ ಒಂದೇ ಪೂರ್ವಜ, ಆ ಪೂರ್ವಜ 5 ಕೋಟಿ ವರ್ಷಕ್ಕಿಂತ ಹಿಂದಿನದು. ಕವಲು ಒಡೆದಮೇಲೆ ಒಂದು ಕವಲು ನೀರಿಗೆ ಹೋಯ್ತು, ಇನ್ನೊಂದು ಕವಲು ಹಳೇ ರೂಪ ಸುಮಾರಾಗಿ ಉಳಿಸ್ಕೊಂಡು ಕಾಲಾಕೋಟ್ ಕಡೆಯ ಹೊಳೆ ಬದಿಯಲ್ಲಿ ಇನ್ನಷ್ಟು ಕಾಲ ಬದುಕಿತ್ತು. ಹಾಗೇ ನಾವೂ ಚಿಂಪಾಂಜಿನೂ ಸುಮಾರು 60–70 ಲಕ್ಷ ವರ್ಷದ ಹಿಂದೆ ಕವಲೊಡೆದವರು. ಇವತ್ತಿನ ಯಾವ ಮಂಗನೂ ನಮ್ಮ ಪೂರ್ವಜ ಅಲ್ಲ, ನಮ್ಮಷ್ಟೇ ದಾರಿ ನಡೆದು ಬಂದಿರೋ ಜೀವಿಗಳು ಅವು.

ಪಳೆಯುಳಿಕೆ ಸಿಕ್ಕಾಗ ಇದೇ ನೇರ ಪೂರ್ವಜ ಅಂತ ಬೆರಳು ತೋರಿಸೋದು ಹೆಚ್ಚುಕಡಿಮೆ ಅಸಾಧ್ಯ, ಅದರ ಅಗತ್ಯನೂ ಇಲ್ಲ. ಯಾವ ಕವಲಲ್ಲಿ ಯಾವ ಲಕ್ಷಣ ಯಾವಾಗ ಬಂತು ಅನ್ನೋದನ್ನ ಅದು ತೋರಿಸುತ್ತೆ. ಮುಂಚೆನೇ ಊಹಿಸಿ ಹೋಗಿ ಹುಡುಕಿದ್ದೂ ಉಂಟು. ಮೀನಿನಿಂದ ನಾಲ್ಕು ಕಾಲಿನ ಪ್ರಾಣಿ ಕವಲೊಡೆದ ಕಾಲ ಇಂಥದ್ದು ಅಂತ ಲೆಕ್ಕ ಹಾಕಿ, ಅದೇ ವಯಸ್ಸಿನ ಕಲ್ಲು ಎಲ್ಲಿ ತೆರೆದಿದೆ ಅಂತ ನಕ್ಷೆ ನೋಡಿ, ನೀಲ್ ಶುಬಿನ್ ತಂಡದವರು ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೆ ಮತ್ತೆ ಮತ್ತೆ ಹೋದ್ರು, 2004ರಲ್ಲಿ ಟಿಕ್ಟಾಲಿಕ್ ಸಿಕ್ತು. 37.5 ಕೋಟಿ ವರ್ಷ ಹಳೇದು, ಮೈಮೇಲೆ ಮೀನಿನ ಹುರುಪೆ, ಆದ್ರೆ ಕುತ್ತಿಗೆ ತಿರುಗುತ್ತೆ, ಈಜುರೆಕ್ಕೆ ಒಳಗೆ ಮಣಿಕಟ್ಟಿನ ಥರ ಮೂಳೆ.

ಜೀನ್_ಜಾಡು

ಮೂಳೆ ಒಂದೂ ಸಿಗದೇ ಇದ್ದಿದ್ರೂ ತಿಮಿಂಗಿಲ ಯಾರ ಕುಲ ಅಂತ ಗೊತ್ತಾಗ್ತಿತ್ತು, ಅದನ್ನ ಹೇಳೋಕೆ ಬಂದೆ. ತುಂಗಾತೀರ ಮೇಡಂ ಕೇಳಿದ್ರಲ್ಲ ಯಾವ ಹೋಲಿಕೆ ಲೆಕ್ಕಕ್ಕೆ ಅಂತ, ನನ್ನ ಪ್ರಕಾರ ಅದಕ್ಕೆ ಅತೀ ಗಟ್ಟಿ ಉತ್ತರ ಡಿಎನ್‌ಎಯಲ್ಲಿರೋ ಕೆಟ್ಟುಹೋದ ಭಾಗಗಳಲ್ಲಿದೆ.

ವಿಟಮಿನ್ ಸಿ ತಗೊಳ್ಳಿ. ಹಸು, ಮೇಕೆ, ನಾಯಿ ಯಾವುದೂ ನೆಲ್ಲಿಕಾಯಿ ನಿಂಬೆಹಣ್ಣು ತಿನ್ನಬೇಕಾಗಿಲ್ಲ, ತಮ್ಮ ಲಿವರಲ್ಲೇ ವಿಟಮಿನ್ ಸಿ ಮಾಡ್ಕೊಳ್ತವೆ. ಅದಕ್ಕೆ ಕೊನೇ ಹಂತದಲ್ಲಿ ಗುಲೋ ಅನ್ನೋ ಜೀನ್ ಬೇಕು. ನಮ್ಮಲ್ಲಿ ಆ ಜೀನ್ ಇಲ್ಲ ಅಂತಲ್ಲ, ಇದೆ, ಆದ್ರೆ ಮುರಿದಿದೆ, ತುಂಡು ತುಂಡು ಕಾಣೆಯಾಗಿವೆ, ಕೆಲಸ ಮಾಡಲ್ಲ. ಅದಕ್ಕೇ ಹಣ್ಣು ತರಕಾರಿ ಇಲ್ಲದೆ ತಿಂಗಳುಗಟ್ಟಲೆ ಹಡಗಲ್ಲಿದ್ದ ನಾವಿಕರಿಗೆ ಸ್ಕರ್ವಿ ಬಂದು ವಸಡಲ್ಲಿ ರಕ್ತ ಸುರೀತಿತ್ತು. ಈಗ ಯಾರ್‍ಯಾರಲ್ಲಿ ಇದು ಕೆಟ್ಟಿದೆ ನೋಡಿ: ನಮ್ಮಲ್ಲಿ, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಕೋತಿಗಳಲ್ಲಿ. ನಮ್ಮಿಂದ ಇನ್ನೂ ಹಿಂದೆ ಕವಲೊಡೆದ ಲೆಮರ್‌ಗಳಲ್ಲಿ ಸರಿಯಾಗೇ ಇದೆ. ಗಿನಿಪಿಗ್‌ನಲ್ಲೂ ಕೆಟ್ಟಿದೆ, ಆದ್ರೆ ಬೇರೆ ರೀತಿ ಕೆಟ್ಟಿದೆ, ಅದರದ್ದು ಬೇರೆ ಘಟನೆ. ಒಳ್ಳೇ ಅಂಗ ಇಬ್ಬರಲ್ಲೂ ಒಂದೇ ಥರ ಇದ್ರೆ ಇಬ್ಬರಿಗೂ ಅದೇ ಬೇಕಿತ್ತು ಅದಕ್ಕೇ ಬಂತು ಅನ್ನಬಹುದು. ಕೆಲಸಕ್ಕೆ ಬಾರದ ಜೀನ್ ಒಂದೇ ಕಡೆ ಇಟ್ಕೊಂಡು, ಒಂದೇ ಥರ ಮುರಿದುಕೊಂಡು ಇಷ್ಟೊಂದು ಪ್ರಾಣಿಗಳಲ್ಲಿ ಇದೆ ಅಂದ್ರೆ ಅದು ಮುರಿದಿದ್ದು ಒಂದೇ ಸಲ, ಎಲ್ಲರ ಪೂರ್ವಜನಲ್ಲಿ.

ಕ್ರೋಮೋಸೋಮ್, ಅಂದ್ರೆ ಡಿಎನ್‌ಎ ಸುತ್ತಿಟ್ಟಿರೋ ಎಳೆಗಳ, ವಿಷಯನೂ ಹಾಗೇ. ಚಿಂಪಾಂಜಿ ಗೊರಿಲ್ಲಾಗಳಿಗೆ 48, ನಮಗೆ 46. ಒಂದು ಜೋಡಿ ಎಲ್ಲಿ ಹೋಯ್ತು? ನಮ್ಮ ಎರಡನೇ ಕ್ರೋಮೋಸೋಮಿನ ಮಧ್ಯದಲ್ಲಿ, ಸಾಮಾನ್ಯವಾಗಿ ಕ್ರೋಮೋಸೋಮಿನ ತುದಿಯಲ್ಲಷ್ಟೇ ಇರಬೇಕಾದ ಟೆಲೋಮಿಯರ್ ಸರಣಿ ಮುಖಾಮುಖಿ ಕೂತಿದೆ. 1991ರಲ್ಲಿ ಇದು ಪ್ರಕಟ ಆಯ್ತು. ಒಂದು ಕ್ರೋಮೋಸೋಮಿಗೆ ಒಂದೇ ಇರಬೇಕಾದ ಸೆಂಟ್ರೋಮಿಯರ್ ಅನ್ನೋ ಹಿಡಿಗಂಟಿನ ಜೊತೆಗೆ, ಕೆಲಸ ಮಾಡದ ಎರಡನೇದರ ಗುರುತೂ ಇದೆ. ಚಿಂಪಾಂಜಿಯಲ್ಲಿ ಇವತ್ತಿಗೂ ಬೇರೆ ಬೇರೆ ಇರೋ ಎರಡು ಕ್ರೋಮೋಸೋಮ್‌ಗಳು ನಮ್ಮ ಕಡೆಯ ಕವಲಲ್ಲಿ ತುದಿಗೆ ತುದಿ ಅಂಟಿಕೊಂಡಿವೆ. ನಂಗೆ ಮೊದಲ ಸಲ ಕಂಪ್ಯೂಟರ್ ಪರದೆ ಮೇಲೆ ಆ ಡಿಎನ್‌ಎ ಅಕ್ಷರ ಸಾಲು ತೋರಿಸಿದಾಗ, ಒಂದು ಕಡೆಯಿಂದ ಟಿಟಿಎಜಿಜಿಜಿ ಟಿಟಿಎಜಿಜಿಜಿ ಅಂತ ಬರ್ತಾ ಬರ್ತಾ ಒಂದು ಜಾಗದಲ್ಲಿ ಸಿಸಿಸಿಟಿಎಎ ಸಿಸಿಸಿಟಿಎಎ ಅಂತ ತಿರುಗಿಕೊಂಡಿದ್ದನ್ನ ತುಂಬಾ ಹೊತ್ತು ನೋಡ್ತಾ ಕೂತಿದ್ದೆ.

ಈಗ ತಿಮಿಂಗಿಲ. ಡಿಎನ್‌ಎಯಲ್ಲಿ ಕೆಲವು ತುಣುಕುಗಳು ತಮ್ಮನ್ನೇ ನಕಲು ಮಾಡ್ಕೊಂಡು ಎಲ್ಲೆಂದರಲ್ಲಿ ಹೋಗಿ ಕೂತುಬಿಡ್ತವೆ. ಒಮ್ಮೆ ಕೂತ್ರೆ ಮಕ್ಕಳು ಮೊಮ್ಮಕ್ಕಳಿಗೆಲ್ಲ ಅದೇ ಜಾಗದಲ್ಲಿ ಹೋಗುತ್ತೆ. ಎರಡು ಬೇರೆ ಬೇರೆ ಕುಲದಲ್ಲಿ ಅದೇ ತುಣುಕು ಕೋಟಿಗಟ್ಟಲೆ ಅಕ್ಷರಗಳ ನಡುವೆ ಸರಿಯಾಗಿ ಅದೇ ಜಾಗಕ್ಕೆ ಬಂದು ಕೂರೋ ಸಾಧ್ಯತೆ ಇಲ್ಲ ಅನ್ನುವಷ್ಟು ಕಡಿಮೆ. ಜಪಾನಿನ ನೊರಿಹಿರೊ ಒಕಾಡ ಅವರ ತಂಡ ಇಂಥ ತುಣುಕುಗಳನ್ನ ಹುಡುಕಿ 1999ರಲ್ಲಿ ತೋರಿಸಿದ್ದೇನಂದ್ರೆ ತಿಮಿಂಗಿಲ ಮತ್ತು ನೀರಾನೆ ಹಲವು ತುಣುಕುಗಳನ್ನ ಹಂಚಿಕೊಂಡಿವೆ, ಆ ತುಣುಕುಗಳು ಹಂದಿ, ಒಂಟೆ, ಹಸುವಿನಲ್ಲಿ ಆ ಜಾಗದಲ್ಲಿ ಇಲ್ಲ. ಅಂದ್ರೆ ಬದುಕಿರೋ ಪ್ರಾಣಿಗಳಲ್ಲಿ ತಿಮಿಂಗಿಲಕ್ಕೆ ಅತೀ ಹತ್ತಿರದ ನೆಂಟ ನೀರಾನೆ. ಆಗಿನ್ನೂ ಮೂಳೆ ನೋಡೋರಲ್ಲಿ ಬಹಳ ಜನ ತಿಮಿಂಗಿಲ ಬೇರೊಂದು ಅಳಿದುಹೋದ ಮಾಂಸಾಹಾರಿ ಗುಂಪಿಂದ ಬಂತು ಅಂತ ನಂಬಿದ್ರು. ಎರಡೇ ವರ್ಷಕ್ಕೆ, 2001ರಲ್ಲಿ, ಹಳೇ ತಿಮಿಂಗಿಲಗಳ ಕಾಲ್ಗಿಣ್ಣಿನ ಮೂಳೆ ಸಿಕ್ತು. ಮೇಕೆ, ಹಸು, ಹಂದಿ, ಜಿಂಕೆ ಈ ಜೋಡಿ ಗೊರಸಿನ ಗುಂಪಿನವಕ್ಕೆ ಮಾತ್ರ ಆ ಮೂಳೆಯ ಮೇಲೂ ಕೆಳಗೂ ರಾಟೆ ಥರ ತೋಡು ಇರುತ್ತೆ, ಮೇಕೆಯ ಹಿಂಗಾಲು ಬಿಡಿಸಿದವರಿಗೆ ಆ ಮೂಳೆಯ ಪರಿಚಯ ಇರುತ್ತೆ. ಹಳೇ ತಿಮಿಂಗಿಲದ್ದೂ ಅದೇ ಜೋಡಿ ರಾಟೆ. ಮೂಳೆಯವರೇ ತಮ್ಮ ಅಭಿಪ್ರಾಯ ಬದಲಾಯಿಸಿಕೊಂಡ್ರು.

ಇನ್ನೊಂದು ಹೇಳಲೇಬೇಕು. ನೀಲಿ ತಿಮಿಂಗಿಲದ ಥರದವಕ್ಕೆ ಹಲ್ಲಿಲ್ಲ, ಬಾಯಲ್ಲಿ ಜರಡಿ ಥರ ಬಲೀನ್ ಇರುತ್ತೆ. ಆದ್ರೆ ಭ್ರೂಣದಲ್ಲಿ ಹಲ್ಲಿನ ಮೊಗ್ಗು ಮೂಡಿ ಕರಗಿಹೋಗುತ್ತೆ. ಹಲ್ಲಿನ ಎನಾಮೆಲ್ ಮಾಡೋ ಜೀನ್‌ಗಳೂ ಇವೆ, ಕೆಟ್ಟು ಕೂತಿವೆ. ಅದರಲ್ಲೊಂದು ಜೀನನ್ನ ಆಗ ಹೇಳಿದ ಹಾಗೆ ಒಂದು ಅಲೆಮಾರಿ ತುಣುಕು ನಡುವೆ ಬಂದು ಕೂತು ಮುರಿದಿದೆ, ಬಲೀನ್ ತಿಮಿಂಗಿಲಗಳಲ್ಲೆಲ್ಲಾ ಅದೇ ತುಣುಕು, ಅದೇ ಜಾಗ. 2011ರಲ್ಲಿ ಇದು ಪ್ರಕಟ ಆಯ್ತು.

ಕರಾವಳಿ_ಗಾಳಿ

ಚರ್ಚೆ ಬಹಳ ಚೆನ್ನಾಗಿದೆ. ನಂದೊಂದು ಮಾತು. ನಮ್ಮಲ್ಲಿ ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಅಂತ ದಶಾವತಾರ ನೀರಿಂದ ನೆಲಕ್ಕೆ, ಪ್ರಾಣಿಯಿಂದ ಮನುಷ್ಯನಿಗೆ ಬರ್ತದಲ್ಲ, ಇದನ್ನೇ ನಮ್ಮ ಹಿರಿಯರು ಆಗಲೇ ಹೇಳಿದ್ದು ಅಂತ ನಮ್ಮ ಮಾಸ್ಟ್ರು ಹೇಳ್ತಿದ್ರು. ಹೌದಾ ಅದು?

ಜೀನ್_ಜಾಡು

ಕ್ರಮದಲ್ಲಿ ಒಂದು ಹೋಲಿಕೆ ಕಾಣುತ್ತೆ, ಬಹಳ ಜನ ಅದನ್ನ ಗಮನಿಸಿದಾರೆ. ಆದ್ರೆ ಅವತಾರ ಅಂದ್ರೆ ದೇವರು ಒಂದೊಂದು ಸಂದರ್ಭಕ್ಕೆ ಒಂದೊಂದು ರೂಪ ತಾಳಿ ಇಳಿದು ಬರೋದು, ಮತ್ಸ್ಯದ ಮಕ್ಕಳು ಕೂರ್ಮ, ಕೂರ್ಮದ ಮೊಮ್ಮಕ್ಕಳು ವರಾಹ ಅಂತ ಅಲ್ಲಿ ಯಾರೂ ಹೇಳಿಲ್ಲ. ವಿಕಾಸದ ಇಡೀ ವಿಷಯ ನಿಂತಿರೋದೇ ಯಾರಿಂದ ಯಾರು ಹುಟ್ಟಿದ್ರು, ಯಾರು ಉಳಿದ್ರು ಅನ್ನೋದರ ಮೇಲೆ. ತಿಮಿಂಗಿಲ ಬೇರೆ ನೆಲದಿಂದ ನೀರಿಗೆ ಹೋಯ್ತು, ಅದಕ್ಕೆ ಆ ಕ್ರಮದಲ್ಲಿ ಜಾಗನೇ ಇಲ್ಲ. ಭಕ್ತಿಗೆ ವಿಜ್ಞಾನದ ಸಾಕ್ಷಿ ಬೇಕಾಗಿಲ್ಲ, ವಿಜ್ಞಾನಕ್ಕೆ ಬೇಕಾದ ಸಾಕ್ಷಿ ಕಲ್ಲಲ್ಲೂ ಡಿಎನ್‌ಎಯಲ್ಲೂ ಇದೆ. ನಮ್ಮ ಮನೇಲಿ ಎರಡಕ್ಕೂ ಜಾಗ ಇದೆ.

ವಿಕಾಸಕ್ಕೆ ಮೇಲೇರೋ ಮೆಟ್ಟಿಲೂ ಇಲ್ಲ ಅಂತ ಸೇರಿಸ್ತೀನಿ. ಗಾಲಾಪಗೋಸ್‌ನ ಡಾಫ್ನೆ ಮೇಜರ್ ಅನ್ನೋ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ದಂಪತಿ 1973ರಿಂದ ಫಿಂಚ್ ಹಕ್ಕಿಗಳ ಕೊಕ್ಕು ಅಳೀತಾ ಬಂದ್ರು. 1977ರಲ್ಲಿ ಬರಗಾಲ, ಸಣ್ಣ ಬೀಜ ಮುಗಿದುಹೋಗಿ ನಮ್ಮ ನೆಗ್ಗಿಲುಮುಳ್ಳಿನ ಜಾತಿಯ ಗಟ್ಟಿ ಕಾಯಿ ಉಳೀತು. ಅದನ್ನ ಒಡೆಯೋಕಾಗದ ಹಕ್ಕಿಗಳು ಸತ್ವು, ಹೆಚ್ಚಿನ ಪಾಲು ಹಕ್ಕಿಗಳೇ ಸತ್ವು, ಉಳಿದಿದ್ದರಲ್ಲಿ ದಪ್ಪ ಕೊಕ್ಕಿನವು ಜಾಸ್ತಿ, ಮುಂದಿನ ಪೀಳಿಗೆಯ ಕೊಕ್ಕು ಸರಾಸರಿ ದಪ್ಪ ಆಯ್ತು. 1983ರಲ್ಲಿ ಎಲ್ ನಿನೊ ಮಳೆ ಸುರಿದು ಸಣ್ಣ ಬೀಜ ರಾಶಿ ಬಂದಮೇಲೆ ಆಯ್ಕೆ ಉಲ್ಟಾ ತಿರುಗಿ ಸಣ್ಣ ಕೊಕ್ಕಿನವು ಗೆದ್ದವು. ಆ ಹೊತ್ತಿಗೆ ಏನು ತಿನ್ನೋಕೆ ಸಿಗುತ್ತೆ ಅನ್ನೋದೇ ನಿರ್ಧಾರ ಮಾಡೋದು.

ನೇರಮಾತು

ದೊಡ್ಡಪ್ಪನ ಮಗನ ಉತ್ತರ ಒಪ್ಪಿದೆ ಸರ್, ಸ್ಪಷ್ಟ ಆಯ್ತು. ಮುರಿದ ಜೀನಿನ ವಿಷಯ ಮಾತ್ರ ಇನ್ನೂ ತಲೇಲಿ ತಿರುಗ್ತಿದೆ, ಅದಕ್ಕೆ ನನ್ನ ಹತ್ರ ಪ್ರತಿವಾದ ಇಲ್ಲ.

ತುಂಗಾತೀರ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಮಗಳ ಜೊತೆ ಕೂತು ಓದಿದೆ, ಹಾವೇರಿ ಅಣ್ಣನವರು ಹೇಳಿದ್ದು ಅವಳಿಗೆ ತಕ್ಷಣ ಅರ್ಥ ಆಯ್ತು, ಒಗ್ಗಿಕೊಳ್ಳುತ್ತೆ ಅಂತ ಅವಳ ನೋಟ್ಸಲ್ಲೂ ಬರೆದಿದ್ಲು, ತಿದ್ದಿಕೊಂಡ್ಲು. ಈಗ ಅವಳದ್ದೇ ಒಂದು ಪ್ರಶ್ನೆ: ಈಗಿನ ತಿಮಿಂಗಿಲದ ಹೊಟ್ಟೆ ಒಳಗೆ ಇನ್ನೂ ಸೊಂಟದ ಮೂಳೆ ಇದೆಯಂತೆ. ಕಾಲೇ ಇಲ್ಲ ಅಂದಮೇಲೆ ಅದು ದಂಡ ಅಲ್ವಾ, ಇಷ್ಟು ಕೋಟಿ ವರ್ಷದಲ್ಲಿ ನೈಸರ್ಗಿಕ ಆಯ್ಕೆ ಅದನ್ನ ಯಾಕೆ ತೆಗೆದುಹಾಕಿಲ್ಲ?

ಕಲ್ಲುಮಣ್ಣು

ಮಗಳಿಗೆ ಶಹಬ್ಬಾಸ್ ಹೇಳಿ, ಇದೇ ಪ್ರಶ್ನೆ ದೊಡ್ಡವರೂ ಬಹಳ ಕಾಲ ಸರಿಯಾಗಿ ಕೇಳಿರಲಿಲ್ಲ, ದಂಡ ಅಂತಲೇ ಅಂದ್ಕೊಂಡಿದ್ರು. ಕಾಲು ಹೊರೋ ಕೆಲಸ ಹೋಯ್ತು, ಆದ್ರೆ ಸಂತಾನೋತ್ಪತ್ತಿಯ ಅಂಗಗಳ ಸ್ನಾಯುಗಳು ಆ ಮೂಳೆಗೇ ಅಂಟಿಕೊಂಡಿರ್ತವೆ, ಆ ಕೆಲಸ ಉಳೀತು. 2014ರಲ್ಲಿ ಮ್ಯೂಸಿಯಂಗಳಲ್ಲಿರೋ ಬೇರೆ ಬೇರೆ ಜಾತಿಯ ತಿಮಿಂಗಿಲ ಡಾಲ್ಫಿನ್‌ಗಳ ಸೊಂಟದ ಮೂಳೆ ಅಳೆದು ನೋಡಿದಾಗ, ಗಂಡುಗಳ ನಡುವೆ ಪೈಪೋಟಿ ಜಾಸ್ತಿ ಇರೋ ಜಾತಿಗಳಲ್ಲಿ ಮೈ ಗಾತ್ರಕ್ಕೆ ಹೋಲಿಸಿದ್ರೆ ಆ ಮೂಳೆ ದೊಡ್ಡದಿತ್ತು. ಅಂದ್ರೆ ನೈಸರ್ಗಿಕ ಆಯ್ಕೆ ಅದನ್ನ ಮರೆತಿಲ್ಲ, ಇವತ್ತಿಗೂ ಅದರ ಮೇಲೆ ಕೆಲಸ ಮಾಡ್ತಾನೇ ಇದೆ.

ಕಾಲಿನ ಭಾಗಕ್ಕೆ ಮಾತ್ರ ಅಂಥ ಕೆಲಸ ಉಳೀಲಿಲ್ಲ. ಡಾಲ್ಫಿನ್ ಭ್ರೂಣದಲ್ಲಿ ಶುರುವಿನ ವಾರಗಳಲ್ಲಿ ಹಿಂಗಾಲಿನ ಮೊಗ್ಗು ಕಾಣಿಸ್ಕೊಳ್ಳುತ್ತೆ, ಬೆಳೆಸೋ ಜೀನಿನ ಸೂಚನೆ ಮುಂದುವರಿಯದೆ ಅಲ್ಲೇ ನಿಂತು ಕರಗುತ್ತೆ. ಅಪರೂಪಕ್ಕೆ ಕರಗದೇ ಇರೋದೂ ಉಂಟು, 2006ರಲ್ಲಿ ಜಪಾನಿನ ತಾಯ್ಜಿ ಹತ್ತಿರ ಸಿಕ್ಕ ಒಂದು ಡಾಲ್ಫಿನ್‌ಗೆ ಹಿಂದುಗಡೆ ಅಂಗೈ ಅಗಲದ ಇನ್ನೊಂದು ಜೊತೆ ಈಜುರೆಕ್ಕೆ ಇತ್ತು. ಬೋಹೆಡ್ ತಿಮಿಂಗಿಲದಲ್ಲಂತೂ ಸೊಂಟದ ಮೂಳೆ ಪಕ್ಕದಲ್ಲೇ ತೊಡೆಮೂಳೆಯ ತುಂಡು ಈಗಲೂ ಇರುತ್ತೆ, ಚಿತ್ರ ಹುಡುಕಿ ತೋರಿಸಿ ಅವಳಿಗೆ.